ತಲೆ ನಮಗೆ, ಕಾಲು ದೊಡ್ಡಾಯಿಗೆ

ನಮ್ಮ ಮನೆ ಹಿಸ್ಸೆಯಾದಾಗ ಹೊಲಿಗೆ ಮಿಶನ್ನಿನ ತಲೆ ನಮಗೆ ಬಂತು, ಕಾಲು ದೊಡ್ಡಾಯಿಗೆ ಹೋಯಿತು. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಗದ್ದೆ ಹಂಚಿದ್ದು, ಹಂಡೆ ಹಂಚಿದ್ದು, ಅಡುಗೆಮನೆಯ ನಡುವೆ ಚಿರೇಕಲ್ಲಿನ ಗೋಡೆ ಎದ್ದದ್ದು, ಇವೆಲ್ಲ ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಆದರೆ ಮಿಶನ್ನಿನ ಬೆನ್ನಿನ ಎರಡು ತಿರುಪು ಸಡಿಲಿಸಿ, ಕರಿ ತಲೆಯನ್ನು ಎತ್ತಿ ನನ್ನ ಆಯಿಯ, ಅಂದರೆ ಅಮ್ಮನ, ಕೈಗೆ ಕೊಟ್ಟು, ಪೆಡಲು ಸಮೇತ ಕಬ್ಬಿಣದ ಕಾಲನ್ನು ದೊಡ್ಡಪ್ಪನ ಹೆಂಡತಿಯ ಬಾಗಿಲಿಗೆ ಸಾಗಿಸಿದ್ದು ಅಂಕೋಲೆ ತಾಲೂಕಿನಲ್ಲಿ ನಮ್ಮ ಮನೆಯೊಂದರಲ್ಲೇ ಇರಬೇಕು. ಹಾಗೆ ಆಗುವುದಕ್ಕೆ ಕಾರಣ ನಾನು. ಆಗ ನನಗೆ ಒಂಬತ್ತು ವರ್ಷ. ಪಂಚರ ಮುಂದೆ ದೀಪ ಮುಟ್ಟಿ ಒಂದು ಮಾತು ಹೇಳಿದೆ. ಆ ಮಾತು ಖರೆಯೋ ಸುಳ್ಳೋ ಎಂಬುದು ಮುಂದೆ ಐವತ್ತೈದು ವರ್ಷ ನನಗೇ ಗೊತ್ತಿರಲಿಲ್ಲ. ಅದು ಸುಳ್ಳಾಗಿದ್ದರೆ ನನ್ನ ಆಯಿ ಕಳ್ಳಿ, ನಾನು ಅವಳಿಗೆ ಬಾಗಿಲು ತೆಗೆದುಕೊಟ್ಟವಳು. ಖರೆಯಾಗಿದ್ದರೆ ದೊಡ್ಡಾಯಿ ಮಹಾ ಸುಳ್ಳಿ. ಈ ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ಒಂದೊಂದು ವರ್ಷ ಒಂದೊಂದನ್ನು ನಂಬಿಕೊಂಡು ಬಂದೆ.

ಈಗ ಕಾರವಾರದಲ್ಲಿದ್ದೇನೆ. ಹೊಲಿಗೆ ತರಬೇತಿ ಕೇಂದ್ರದಲ್ಲಿ ಹುಡುಗಿಯರಿಗೆ ಕಾಜಾ ಹೊಲಿಯುವುದು, ಕತ್ತಿನ ಪಟ್ಟಿ ಕೂರಿಸುವುದು ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಹದಿನಾಲ್ಕು ಹಳೇ ಮಿಶನ್ನುಗಳಿವೆ. ಮಂಚದ ಕೆಳಗೆ ಮೂರು, ಬಚ್ಚಲಿನ ದಾರಿಯಲ್ಲಿ ಎರಡು, ಒಂದು ದೇವರ ಕೋಣೆಯಲ್ಲಿ. ಕೈಗಾದಲ್ಲಿ ಕೆಲಸ ಮಾಡಿ, ಅರ್ಧ ಆಯುಷ್ಯ ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡಿ ಕಳೆದ ನನ್ನ ಗಂಡ, ಅಣುಸ್ಥಾವರದಲ್ಲೂ ಕಾಲಿಗೆ ಇಷ್ಟು ಕಬ್ಬಿಣ ತಾಗಿರಲಿಲ್ಲ ಮಾರಾಯ್ತಿ ಎನ್ನುತ್ತಾರೆ. ಹಳೇ ಮಿಶನ್ನು ತೋರಿಸಿ, ಅದರ ವಯಸ್ಸು ಹೇಳುತ್ತೇನೆ. ತಳದ ಬಲಮೂಲೆಯಲ್ಲಿ ಒತ್ತಿದ ಅಂಕಿ ನೋಡಬೇಕು, ಅಂಕಿಯ ಮುಂದಿನ ಅಕ್ಷರ ನೋಡಬೇಕು. ಒಳಗೆ ಅಡಿನೂಲು ಓಡಿಸುವ ಶಟಲ್ ಉದ್ದವೋ ದುಂಡೋ, ಕುತ್ತಿಗೆಯ ಮೇಲೆ ಚಿನ್ನದ ಬಣ್ಣದಲ್ಲಿ ನವಿಲಿದೆಯೋ ಬಳ್ಳಿಯಿದೆಯೋ, ಗಾಲಿಯ ಪಕ್ಕದ ಕಂಬದ ಹಿಂದೆ ಕೈಹಿಡಿ ಕೂರಿಸಲು ಕಂಪನಿಯವರೇ ಜಾಗ ಬಿಟ್ಟಿದ್ದಾರೋ ಇಲ್ಲವೋ, ಇಷ್ಟು ಸಾಕು. ಕಾಲಲ್ಲಿ ತುಳಿಯುವ ಮಿಶನ್ನೇ ಬೇರೆ, ಕೈಯಲ್ಲಿ ತಿರುಗಿಸುವ ಮಿಶನ್ನೇ ಬೇರೆ. ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲೆ. ಊರಿನವರ ಮಿಶನ್ನಿನ ಜಾತಕವೆಲ್ಲ ಗೊತ್ತಿದ್ದ ಈ ಪಂಡಿತೆಗೆ ಸ್ವಂತ ಮನೆಯ ಮಿಶನ್ನು ಯಾವುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಈ ಹದಿನಾಲ್ಕನ್ನೂ ಒಟ್ಟು ಮಾಡಿದ್ದು ಹವ್ಯಾಸಕ್ಕೆ ಎಂದು ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಆ ಒಂದು ತಲೆಯನ್ನು ಹುಡುಕುತ್ತ ಹೋಗಿ ಉಳಿದವು ಗಂಟುಬಿದ್ದವು.

ನಮ್ಮ ಮನೆ ಹಾರವಾಡದಿಂದ ಒಳಗೆ, ಗದ್ದೆ ಮುಗಿದು ಹೊಯ್ಗೆ ಶುರುವಾಗುವ ಕಡೆ ಇತ್ತು. ಹೆಂಚಿನ ಮಾಡು, ಮಣ್ಣಿನ ಗೋಡೆ, ಮುಂದೆ ಸೆಗಣಿ ಸಾರಿಸಿದ ಜಗಲಿ. ಜಗಲಿ ದಾಟಿದರೆ ನಡುಮನೆ, ಅದರ ಎಡಕ್ಕೆ ಭತ್ತದ ಕೋಣೆ, ಬಲಕ್ಕೆ ಅಜ್ಜಿ ಮಲಗುವ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಪ್ಪ, ದೊಡ್ಡಪ್ಪ ಇಬ್ಬರೂ ತುಂಡು ಗದ್ದೆ ಮಾಡಿಕೊಂಡು, ಬೇಸಿಗೆಯಲ್ಲಿ ಉಪ್ಪಿನ ಆಗರಕ್ಕೆ ಕೂಲಿಗೆ ಹೋಗುತ್ತಿದ್ದರು; ಸಂಜೆ ಬಂದಾಗ ಅವರ ಮೊಣಕಾಲು ಬೆಳ್ಳಗೆ ಇರುತ್ತಿತ್ತು. ಅಪ್ಪನ ತಾಯಿಯಾದ ಅಜ್ಜಿಯೇ ಮನೆಯ ಯಜಮಾನಿ. ಗಂಜಿಯ ಸೌಟು ಅವಳ ಕೈ ಬಿಟ್ಟು ಬೇರೆ ಕೈಗೆ ಹೋದದ್ದು ನಾನು ಕಂಡಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣ ಸಿಗಡಿಗೆ ಕಾಯಿ ಹಾಕಿದ ಚಟ್ನಿ. ಮಧ್ಯಾಹ್ನ ಬಂಗಡೆ ಸಿಕ್ಕರೆ ಬಂಗಡೆ ಸಾರು, ಸಿಗದಿದ್ದರೆ ಮುರುಗಲ ಹುಳಿಯ ನೀರು ಸಾರು. ಯಾರಿಗೆ ಮೀನಿನ ತಲೆ, ಯಾರಿಗೆ ಬಾಲ ಎಂಬುದನ್ನು ಅಜ್ಜಿ ಮುಖ ನೋಡಿ ಬಡಿಸುತ್ತಿದ್ದಳು. ಆವತ್ತು ಅವಳಿಗೆ ಯಾರ ಮೇಲೆ ಸಿಟ್ಟಿದೆ ಎಂದು ತಟ್ಟೆ ನೋಡಿ ತಿಳಿಯುತ್ತಿತ್ತು. ಸೊಸೆಯಂದಿರಿಬ್ಬರೂ ಕೊನೆಗೆ ಅಡುಗೆಮನೆಯಲ್ಲೇ ಒಬ್ಬರಿಗೊಬ್ಬರು ಬೆನ್ನು ಹಾಕಿ ಉಣ್ಣುತ್ತಿದ್ದರು.

ಬೆನ್ನು ಹಾಕಿ ಎಂದೆ, ಅದು ಜಗಳವಾದ ಮೇಲಿನ ನೆನಪಿರಬೇಕು. ಮೊದಲು ಹಾಗಿರಲಿಲ್ಲ ಅನ್ನಿಸುತ್ತದೆ. ದೊಡ್ಡಾಯಿ ಎತ್ತರದ ಹೆಂಗಸು, ಕಾಳಿ ನದಿಯ ಆಚೆ ಸದಾಶಿವಗಡದ ಕಡೆಯವಳು. ತವರಿನಲ್ಲಿ ಕೊಂಕಣಿ. ಸಿಟ್ಟು ಬಂದರೆ ನಮಗೆ ತಿಳಿಯಬಾರದೆಂದು ಕೊಂಕಣಿಯಲ್ಲಿ ಬೈಯುತ್ತಿದ್ದಳು; ಮಕ್ಕಳಿಗೆ ಮೊದಲು ಬಾಯಿಪಾಠವಾದದ್ದು ಅವೇ ಬೈಗುಳ. ನನ್ನ ಆಯಿ ಗಿಡ್ಡ, ಮಾತು ಕಡಿಮೆ, ಹಟ ಜಾಸ್ತಿ. ಒಮ್ಮೆ ತುಟಿ ಬಿಗಿದಳೆಂದರೆ ಎಂಟು ದಿನ ಗಪ್ಪು. ಇಬ್ಬರನ್ನೂ ಒಂದೇ ಕಡೆ ಕೂರಿಸುತ್ತಿದ್ದ ವಸ್ತು ಆ ಮಿಶನ್ನು. ನಡುಮನೆಯ ಪೂರ್ವದ ಕಿಟಕಿಯ ಕೆಳಗೆ ಅದು ತನ್ನ ಕಬ್ಬಿಣದ ಕಾಲುಗಳ ಮೇಲೆ ನಿಂತಿರುತ್ತಿತ್ತು. ಅಜ್ಜಿಯ ಕಾನೂನು ಹೀಗೆ: ಬೆಳಿಗ್ಗೆ ಗಂಜಿಯಾದ ಮೇಲೆ ದೊಡ್ಡಾಯಿ ಕೂರಬೇಕು, ಮಧ್ಯಾಹ್ನ ಊಟವಾದ ಮೇಲೆ ಆಯಿ. ದೊಡ್ಡಾಯಿ ಆಗರದ ಕೂಲಿಯವರಿಗೆ ಪಟ್ಟಾಪಟ್ಟಿ ಚಡ್ಡಿ ಹೊಲಿಯುತ್ತಿದ್ದಳು, ಆಯಿ ಕೇರಿಯ ಹೆಂಗಸರಿಗೆ ಪೋಲ್ಕ. ಬೆಳಿಗ್ಗೆಯ ಪೆಡಲಿನ ಸದ್ದು ಜೋರು, ಮಧ್ಯಾಹ್ನದ್ದು ಮೆಲ್ಲಗೆ. ಒಳಗಿನ ಶಟಲ್ ಉದ್ದಕ್ಕಿದ್ದು ಎರಡೂ ತುದಿ ಚೂಪಾಗಿತ್ತು. ನಾವು ಮಕ್ಕಳು ಅದನ್ನು ದೋಣಿ ಎನ್ನುತ್ತಿದ್ದೆವು, ಈಗಲೂ ನನ್ನ ಬಾಯಿಗೆ ಅದೇ ಬರುತ್ತದೆ.

ಆ ಮಿಶನ್ನಿಗೆ ನಮ್ಮ ಮನೆಯವರು ಮಾಡಿದ ಒಂದು ಅನ್ಯಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಕಿರುಗುಟ್ಟಿತು ಎಂದ ಕೂಡಲೇ ಕೊಬ್ಬರಿ ಎಣ್ಣೆ. ತಲೆಗೆ ಅದೇ, ದೀಪಕ್ಕೆ ಅದೇ, ಮಿಶನ್ನಿಗೂ ಅದೇ. ಹಿತ್ತಲಲ್ಲಿ ತೆಂಗಿನಮರ ಇದ್ದವರು ಬೇರೆ ಎಣ್ಣೆ ಯಾಕೆ ತರುತ್ತಾರೆ? ಕೊಬ್ಬರಿ ಎಣ್ಣೆ ಹಾಕಿದ ದಿನ ಮಿಶನ್ನು ಓಡುತ್ತದೆ. ಎರಡು ತಿಂಗಳಿಗೆ ಅದೇ ಎಣ್ಣೆ ಅಂಟಾಗಿ ಹಲ್ಲು ಹಲ್ಲಿನಲ್ಲೂ ಕೂರುತ್ತದೆ. ಆಗ ಮತ್ತೆ ಕೊಬ್ಬರಿ ಎಣ್ಣೆ. ಈ ಕರಾವಳಿಯಲ್ಲಿ ನಾನು ಬಿಚ್ಚಿದ ಹತ್ತು ಮಿಶನ್ನುಗಳಲ್ಲಿ ಎಂಟು ಈ ಪ್ರೀತಿಯಿಂದಲೇ ಸತ್ತವು. ಇನ್ನು ಆಯುಧ ಪೂಜೆಯ ದಿನ ಕತ್ತಿ, ಗುದ್ದಲಿ, ನೇಗಿಲಿನ ಸಾಲಿನಲ್ಲಿ ಮಿಶನ್ನಿಗೂ ಕುಂಕುಮ. ಕಂಬದ ಬುಡದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಬಿಲ್ಲೆಯೊಂದಿತ್ತು. ಹಣೆಯೆಂದರೆ ಅದೇ ಎಂದು ತಿಳಿದು ಎಲ್ಲರೂ ವರ್ಷ ವರ್ಷ ಅದರ ಮೇಲೇ ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿಯುತ್ತಿದ್ದರು. ಬಿಲ್ಲೆಯ ಮೇಲೆ ಅಕ್ಷರವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಓದುವವರಿರಲಿಲ್ಲ.

ಈ ಮಿಶನ್ನು ಮನೆಗೆ ಹೇಗೆ ಬಂತು? ಎರಡು ಕಥೆ. ದೊಡ್ಡಾಯಿಯ ಕಥೆಯಲ್ಲಿ ಗೋವೆಯಲ್ಲಿ ಕೆಲಸಕ್ಕಿದ್ದ ಅವಳ ಅಣ್ಣ ತಂದುಕೊಟ್ಟದ್ದು. ಆಯಿಯ ಕಥೆಯಲ್ಲಿ ಅವಳ ಅಪ್ಪ, ಅಂದರೆ ನನ್ನ ಅಜ್ಜ, ತಂದುಕೊಟ್ಟದ್ದು. ಅಜ್ಜಿಯನ್ನು ಕೇಳಿದರೆ, ಮನೆಗೆ ಬಂದ ಮೇಲೆ ಮನೆಯದು, ಬಾಯಿ ಮುಚ್ಚಿಕೊಂಡು ಹೊಲಿಯಿರಿ ಎನ್ನುತ್ತಿದ್ದಳು. ನನಗೆ ಮಾತ್ರ ಕಣ್ಣಾರೆ ಕಂಡ ನೆನಪಿತ್ತು. ಐದು ವರ್ಷದವಳಿರಬೇಕು. ಕೊಯ್ಲು ಮುಗಿದ ಗದ್ದೆ. ಅಜ್ಜ ಗದ್ದೆಯ ಅಂಚಿನ ಮೇಲೆ ಸಿಂಬಿಯ ಮೇಲೊಂದು ಮರದ ಪೆಟ್ಟಿಗೆ ಹೊತ್ತುಕೊಂಡು ಬರುತ್ತಿದ್ದಾನೆ. ಪೆಟ್ಟಿಗೆಯ ಮುಚ್ಚಳ ಚಪ್ಪಟೆಯಲ್ಲ, ಎತ್ತಿನಗಾಡಿಯ ಕಮಾನಿನ ಹಾಗೆ ದುಂಡಗೆ. ತಿಂಡಿ ಇರಬೇಕೆಂದು ನಾನು ಓಡಿದೆ. ಜಗಲಿಯ ಮೇಲೆ ಇಳಿಸಿ ಮುಚ್ಚಳ ಎತ್ತಿದರೆ ಒಳಗೆ ಕರಿ ಮಿಶನ್ನು, ಮೈಮೇಲೆ ಚಿನ್ನದ ಬಳ್ಳಿ. ಆಯಿ ಬಾಗಿಲಿಗೆ ಒರಗಿ ನಿಂತು ಕಣ್ಣು ಒರೆಸಿಕೊಂಡಳು. ಅಜ್ಜ ನನ್ನ ಕೈಗೆ ಬೆಲ್ಲದ ತುಂಡು ಇಟ್ಟ. ನೆನಪು ಅಲ್ಲಿಗೆ ಮುಗಿಯುತ್ತದೆ. ಅದರ ಬೆನ್ನಿಗೇ ಅತ್ತೆಯ ಮದುವೆಯ ಗದ್ದಲ ನೆನಪಿದೆ. ಅತ್ತೆ ಎಂದರೆ ಅಪ್ಪನ ತಂಗಿ. ಅದಾದ ಮೇಲಿನ ಚಿತ್ರದಲ್ಲಿ ಮಿಶನ್ನು ಕಿಟಕಿಯ ಕೆಳಗೆ ಕಬ್ಬಿಣದ ಕಾಲಿನ ಮೇಲಿದೆ, ಆಯಿ ತುಳಿಯುತ್ತಿದ್ದಾಳೆ. ನಡುವೆ ಏನಾಯಿತು ಎಂಬುದು ಇಲ್ಲ. ಮಕ್ಕಳ ನೆನಪಿನಲ್ಲಿ ನಡುವಿನದು ಇರುವುದಿಲ್ಲ, ಅದು ಇಲ್ಲ ಎಂಬುದೂ ತಿಳಿಯುವುದಿಲ್ಲ.

ಅಜ್ಜಿ ಸತ್ತ ವರ್ಷವೇ ಮನೆ ಒಡೆಯಿತು. ಶುರುವಾದದ್ದು ಒಂದು ಸೂಜಿಯಿಂದ. ದೊಡ್ಡಾಯಿ ಬೆಳಿಗ್ಗೆ ಕೂತಾಗ ಸೂಜಿ ಮುರಿದಿತ್ತು. ಹಿಂದಿನ ಮಧ್ಯಾಹ್ನ ಹೊಲಿದವಳು ಆಯಿ. ಹೇಳಬಹುದಿತ್ತಲ್ಲ ಎಂದು ದೊಡ್ಡಾಯಿ, ಮುರಿದದ್ದು ನಾನಲ್ಲ ಎಂದು ಆಯಿ, ಹಾಗಾದರೆ ಮಿಶನ್ನು ತಾನೇ ಮುರಿದುಕೊಂಡಿತೇ ಎಂದು ದೊಡ್ಡಾಯಿ. ಸೂಜಿಯಿಂದ ಮಿಶನ್ನಿಗೆ, ಮಿಶನ್ನಿನಿಂದ ತವರಿಗೆ, ತವರಿನಿಂದ ಗದ್ದೆಗೆ ಮಾತು ಹೋಯಿತು. ಮೂರನೇ ದಿನ ಎರಡು ಒಲೆ. ನಾವು ಮಕ್ಕಳು ಯಾವ ಒಲೆಯ ಮುಂದೆ ತಟ್ಟೆ ಇಡಬೇಕೆಂದು ತಿಳಿಯದೆ ನಡುವೆ ನಿಂತೆವು. ದೊಡ್ಡಾಯಿ ನನ್ನ ತಟ್ಟೆಗೂ ಗಂಜಿ ಬಡಿಸಲು ಬಂದಳು, ಆಯಿ ಮಾತಾಡದೆ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ರಟ್ಟೆ ನೋಯುತ್ತಿದ್ದರೂ ನಾನು ಅಳಲಿಲ್ಲ, ಅತ್ತರೆ ಯಾರ ಕಡೆ ಅತ್ತ ಹಾಗಾಗುತ್ತದೋ ಎಂದು ಭಯ.

ಪಂಚರು ಬರುವ ದಿನ ಬೆಳಿಗ್ಗೆ ಆಯಿ ನನ್ನ ತಲೆ ಬಾಚುತ್ತಿದ್ದಳು. ಆ ದಿನ ಬಾಚಣಿಗೆ ಎರಡೆರಡು ಸಲ ಅದೇ ಜಾಗದಲ್ಲಿ ಎಳೆಯುತ್ತಿತ್ತು. ಬೆನ್ನ ಹಿಂದಿನಿಂದ ಕೇಳಿದಳು:

"ಅಜ್ಜ ಮಿಶನ್ ಹೊತ್ಕಂಡಿ ಬಂದದ್ದು ನಿಂಗೆ ನೆನಪಿದೆ ಅಲ್ದಾ?"

ನಾನು ಹೂಂ ಎಂದೆ.

"ಕೇಳ್ದ್ರೆ ಕಂಡದ್ದು ಹೇಳು. ಕಾಣದ್ದು ಒಂದು ಮಾತೂ ಹೇಳೂದು ಬೇಡ."

ಇಷ್ಟೇ. ಇದಕ್ಕಿಂತ ಒಂದಕ್ಷರ ಹೆಚ್ಚಿಗೆ ಅವಳು ಹೇಳಿಕೊಟ್ಟಿಲ್ಲ. ಇದನ್ನು ಇಲ್ಲಿ ಖಚಿತವಾಗಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ವರ್ಷ, ಅವಳು ಹೇಳಿಕೊಟ್ಟಿರಬಹುದು, ನಾನೇ ಮರೆತಿರಬಹುದು ಎಂದು ನನ್ನ ತಲೆಯನ್ನೇ ನಾನು ಅನುಮಾನಿಸಿದ್ದೇನೆ.

ಜಗಲಿಯಲ್ಲಿ ಕೇರಿಯ ಹಿರಿಯರು ಮೂವರು ಕಂಬಳಿಯ ಮೇಲೆ ಕೂತಿದ್ದರು. ಗದ್ದೆ, ಮನೆ, ಹಂಡೆ, ತೆಂಗಿನಮರ ಎಲ್ಲ ಮುಗಿದು ಮಿಶನ್ನಿಗೆ ಬಂದು ನಿಂತಿತು. ಒಬ್ಬಳು ನನ್ನದು ಎಂದಳು, ಇನ್ನೊಬ್ಬಳು ನನ್ನದು ಎಂದಳು. ಅಪ್ಪನನ್ನು ಕೇಳಿದರು, ಅಪ್ಪ ಹೆಂಗಸರ ವಸ್ತು, ನನಗೇನು ಗೊತ್ತು ಎಂದು ನೆಲ ನೋಡಿದ. ದೊಡ್ಡಪ್ಪನೂ ಅದೇ ನೆಲ ನೋಡಿದ. ಆಗ ಪಂಚರಲ್ಲಿ ಹಿರಿಯರು ಮಗುವನ್ನು ಕರೆಯಿರಿ ಎಂದರು. ದೀಪ ಹಚ್ಚಿ ಎದುರಿಗಿಟ್ಟು, ಇದನ್ನು ಮುಟ್ಟಿಕೊಂಡು ಹೇಳು ತಂಗಿ, ಮಿಶನ್ ಯಾರು ತಂದದ್ದು ಎಂದು ಕೇಳಿದರು. ದೀಪದ ಹಿತ್ತಾಳೆ ಬಿಸಿಯಾಗಿತ್ತು. ಬಾಗಿಲ ಹಿಂದೆ ಒಂದು ಕಡೆ ಆಯಿಯ ಸೆರಗು, ಇನ್ನೊಂದು ಕಡೆ ದೊಡ್ಡಾಯಿಯ ಪಾದ ಕಾಣುತ್ತಿತ್ತು.

"ಅಜ್ಜ ತಂದದ್ದು. ತಲೆ ಮೇಲೆ ಹೊತ್ಕಂಡಿ ಬಂದದ್ದು ನಾ ಕಂಡಿದ್ದೆ."

ಪಂಚರು ಬಾಗಿಲ ಕಡೆ ತಿರುಗಿ, ಹಿರಿಸೊಸೆ ಏನು ಹೇಳುತ್ತಾಳೆ ಎಂದು ಕೇಳಿದರು. ಎಲ್ಲದಕ್ಕೂ ಮಾತಿದ್ದ ದೊಡ್ಡಾಯಿ ಆ ದಿನ ಏನೂ ಹೇಳಲಿಲ್ಲ. ಕೊಂಕಣಿಯಲ್ಲೂ ಹೇಳಲಿಲ್ಲ. ಅವಳ ಪಾದ ಬಾಗಿಲ ಹಿಂದಿನಿಂದ ಸರಿದುಹೋಯಿತು. ಹಿರೇ ಮಗನ ಮನೆ ಬರಿಗೈಯಲ್ಲಿ ಹೋಗಬಾರದೆಂದು ಪಂಚರು ಕಾಲನ್ನು ಆ ಕಡೆಗೆ ಹಾಕಿದರು. ಹೀಗೆ ತಲೆ ನಮಗೆ, ಕಾಲು ಅವರಿಗೆ. ಹೊಲಿಯುವುದು ಇಬ್ಬರಿಗೂ ನಿಂತಿತು. ದೊಡ್ಡಾಯಿ ಆ ದಿನದಿಂದ ಆಯಿಯ ಜೊತೆ ಮಾತು ಬಿಟ್ಟಳು. ಅಡುಗೆಮನೆಯ ಗೋಡೆ ಎದ್ದಿತು, ಆದರೆ ಅದು ಮಾಡಿನವರೆಗೆ ಹೋಗಲಿಲ್ಲ. ಅವರ ಬಂಗಡೆ ಸಾರಿನ ಪರಿಮಳ ಮೇಲಿನಿಂದ ನಮ್ಮ ಕಡೆ ಇಳಿಯುತ್ತಿತ್ತು, ನಮ್ಮ ಮಾತು ಆ ಕಡೆ.

ಕಾಲಿಲ್ಲದ ತಲೆಯನ್ನು ಆಯಿ ಒಂದು ವರ್ಷ ಚಾಪೆಯಲ್ಲಿ ಸುತ್ತಿಟ್ಟಳು. ಆಮೇಲೆ ಹಾರವಾಡದಲ್ಲಿ ದೋಣಿ ಕೆಲಸ ಮಾಡುವ ಆಚಾರಿಯ ಹತ್ತಿರ ಹೊತ್ತುಕೊಂಡು ಹೋದಳು. ಆ ಪುಣ್ಯಾತ್ಮ ಹೊಲಿಗೆ ಮಿಶನ್ನನ್ನು ಹತ್ತಿರದಿಂದ ನೋಡಿದ್ದೇ ಅವತ್ತು. ಕಂಬದ ಹಿಂದೆ ಎರಡು ತೂತು ಕೊರೆದು, ಗಾಲಿಗೂ ಒಂದು ಕೊರೆದು, ಮರದ ಹಿಡಿಯ ಕೈಯೊಂದನ್ನು ದೋಣಿಯ ಹಲಗೆಗೆ ಹೊಡೆಯುವ ತಾಮ್ರದ ಮೊಳೆಯಿಂದಲೇ ಬಡಿದು ಕೂರಿಸಿಕೊಟ್ಟ. ಬಲಗೈಯಲ್ಲಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ಸರಿಸುತ್ತ ಆಯಿ ಅದರಲ್ಲೇ ನನ್ನ ಶಾಲೆಯ ಲಂಗ ಹೊಲಿದಳು, ನನಗೆ ಹೊಲಿಗೆ ಕಲಿಸಿದಳು. ನಾನು ಅನ್ನ ಉಂಡದ್ದು ಆ ವಿದ್ಯೆಯಿಂದ. ದೊಡ್ಡವಳಾದ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದೆ, ಮಿಶನ್ನು ಖರೆ ಯಾರದ್ದು ಆಯಿ ಎಂದು. ನೀ ಕಂಡದ್ದು ಹೇಳಿದ್ದೆ ಅಲ್ದಾ, ಮತ್ತೆಂತಾ ಎಂದು ನೂಲು ಕಡಿದಳು. ಕಣ್ಣು ಮಂಜಾದ ಮೇಲೆ ಮಿಶನ್ನನ್ನು ಹಾರವಾಡದ ಯಾವುದೋ ಹೆಂಗಸಿಗೆ ಕೊಟ್ಟಳಂತೆ. ಆಯಿ ತೀರಿಕೊಂಡು ಎಂಟು ವರ್ಷವಾಯಿತು. ಆ ದಿನ ದೊಡ್ಡಾಯಿ ಬಂದಿದ್ದಳು. ಅಂಗಳದಲ್ಲಿ ನಿಂತು, ಒಳಗೆ ಬಾರದೆ, ಒಂದು ಗಳಿಗೆ ಸೆರಗು ಬಾಯಿಗೆ ಒತ್ತಿಕೊಂಡು ಹೋದಳು. ನನಗೆ ಸಿಟ್ಟು ಬಂತೋ ನಾಚಿಕೆಯಾಯಿತೋ ಎಂದು ಇಂದಿಗೂ ಗೊತ್ತಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಾಳೆಗುಳಿಯ ಗುಜರಿ ಅಂಗಡಿಯವನು ಫೋನ್ ಮಾಡಿದ. ಹೆದ್ದಾರಿ ಅಗಲ ಮಾಡಲು ಕೆಡವಿದ ಮನೆಯೊಂದರಿಂದ ಹಳೇ ತಲೆ ಬಂದಿದೆ, ಜಾಮ್ ಆಗಿದೆ, ನೋಡುತ್ತೀರಾ ಅಕ್ಕ ಎಂದ. ಬಸ್ಸು ಹತ್ತಿ ಹೋದೆ. ತಗಡು, ಸೈಕಲ್ಲು, ಮುರಿದ ಫ್ಯಾನುಗಳ ನಡುವೆ ಅದು ಮಗ್ಗುಲಾಗಿ ಬಿದ್ದಿತ್ತು. ಮೂಸಿದರೆ ಕಮಟು ಕೊಬ್ಬರಿ ಎಣ್ಣೆ. ತಿರುಗಿಸಿ ಬೆನ್ನು ನೋಡಿದೆ: ಎರಡು ಸೊಟ್ಟ ತೂತು, ತಲೆ ಬಡಿದ ಹಸಿರುಗಟ್ಟಿದ ತಾಮ್ರದ ಮೊಳೆ. ಅಲ್ಲೇ ಟಯರಿನ ಮೇಲೆ ಕೂತುಬಿಟ್ಟೆ. ಗುಜರಿಯವನು ಗಾಬರಿಯಾಗಿ ನೀರು ತಂದ. ಪ್ರಪಂಚದಲ್ಲಿ ಆ ಮೊಳೆ ಹೊಡೆದ ಮಿಶನ್ನು ಇನ್ನೊಂದು ಇರಲಾರದು.

ಮನೆಗೆ ತಂದು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ ಉಜ್ಜಿ ಅಂಟು ಬಿಡಿಸಿದೆ. ದೋಣಿ ಒಳಗೇ ಇತ್ತು. ಕೊನೆಗೆ ಹಣೆಯ ಕುಂಕುಮಕ್ಕೆ ಬಂದೆ. ಉಗುರಿನಷ್ಟು ದಪ್ಪದ ಪದರ. ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದರೆ ಹಿತ್ತಾಳೆಯ ಬಿಲ್ಲೆ ಹೊಳೆಯಿತು. ಸುತ್ತ ರೋಮನ್ ಅಕ್ಷರ, ನಡುವೆ ಅಂಗಡಿಯ ಹೆಸರು, ಕೆಳಗೆ ಊರು: ಮಡಗಾಂವ. ಹಿಂದೆ ಮಾರುವ ಅಂಗಡಿಯವರು ಹೀಗೆ ತಮ್ಮ ಬಿಲ್ಲೆ ಹೊಡೆಯುತ್ತಿದ್ದರು. ನಾನೇ ಎಷ್ಟು ಮಿಶನ್ನುಗಳ ಊರನ್ನು ಇದರಿಂದ ಹೇಳಿದ್ದೇನೆ. ಗೋವೆಯ ಅಂಗಡಿ. ದೊಡ್ಡಾಯಿಯ ಅಣ್ಣ. ಇನ್ನೊಂದು ಬೇಕಿತ್ತೇ ಎಂಬಂತೆ ಆಗಲೇ ನನ್ನ ಮಂಡೆಗೆ ಮತ್ತೊಂದು ಹೊಳೆಯಿತು. ಈ ತಲೆ ಕಾಲಿನ ಮಿಶನ್ನಿನದು. ಕೈಹಿಡಿಗೆ ಜಾಗವಿಲ್ಲದ್ದಕ್ಕೇ ಆಚಾರಿ ಕೊರೆಯಬೇಕಾಯಿತು. ದುಂಡು ಮುಚ್ಚಳದ ಪೆಟ್ಟಿಗೆ ಬರುವುದು ಕೈಮಿಶನ್ನಿಗೆ. ಅಂಥ ಪೆಟ್ಟಿಗೆ ನನ್ನ ಮಂಚದ ಕೆಳಗೇ ಎರಡಿವೆ, ದಿನಾ ಗುಡಿಸುವಾಗ ಪೊರಕೆ ತಾಗಿಸುತ್ತೇನೆ. ಒಂದು ದಿನವಾದರೂ ಅಜ್ಜನ ಪೆಟ್ಟಿಗೆಗೂ ಕಿಟಕಿಯ ಕೆಳಗಿನ ಕಬ್ಬಿಣದ ಕಾಲಿಗೂ ಹೊಂದುವುದಿಲ್ಲ ಎಂಬ ಯೋಚನೆ ಬಂದಿರಲಿಲ್ಲ. ಹಾಗಾದರೆ ನಾನು ಕಂಡದ್ದೇನು? ಕಂಡೆನೇ? ಮೂರು ದಿನ ಊಟ ಸೇರಲಿಲ್ಲ. ಗಂಡ ಹೇಳಿದರು, ಅದನ್ನು ಅವರಿಗೆ ಕೊಟ್ಟು ತಪ್ಪಾಯಿತು ಅಂತ ಹೇಳಿ ಬಾ, ಇಲ್ಲಾಂದ್ರೆ ನೀನು ಸರಿಯಾಗುವವಳಲ್ಲ.

ದೊಡ್ಡಾಯಿ ಈಗ ಕಾರವಾರದಲ್ಲೇ, ಕೋಡಿಬಾಗದ ಕಡೆ, ಮಗಳು ಸುಲೋಚನಾಳ ಮನೆಯಲ್ಲಿದ್ದಾಳೆ. ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ತೊಂಬತ್ತರ ಹತ್ತಿರ ವಯಸ್ಸು, ಬೆನ್ನು ಬಾಗಿದೆ, ಕಣ್ಣು ಮಾತ್ರ ಅದೇ. ಸುಲೋಚನಾ ಚಾ ಮಾಡಲು ಒಳಗೆ ಹೋದಳು. ಹೊರಕೋಣೆಯ ಮೂಲೆಯಲ್ಲಿ ಮಿಶನ್ನಿನ ಕಬ್ಬಿಣದ ಕಾಲು ನಿಂತಿತ್ತು, ಮೇಲೆ ಟಿವಿ. ನಾನು ತಲೆಯನ್ನು ಚೀಲದಿಂದ ತೆಗೆದು ದೊಡ್ಡಾಯಿಯ ಮುಂದಿನ ಬೆಂಚಿನ ಮೇಲಿಟ್ಟೆ. ಬಿಲ್ಲೆ, ತೂತು, ಪೆಟ್ಟಿಗೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ದೀಪ ಮುಟ್ಟಿ ಸುಳ್ಳು ಹೇಳಿದೆ ದೊಡ್ಡಾಯಿ, ಇದು ನಿನ್ನದೇ ಎಂದೆ. ಹೇಳುವಾಗ ಅಳು ಬಂತು, ಈ ವಯಸ್ಸಿನಲ್ಲಿ. ಅವಳು ಮಿಶನ್ನಿನ ಮೇಲೆ ಕೈ ಆಡಿಸಿದಳು. ಬೆರಳು ತಾಮ್ರದ ಮೊಳೆಗೆ ಬಂದು ನಿಂತಿತು.

"ನೀ ಎಂತ ಸುಳ್ಳು ಹೇಳಿದ್ದೆ? ಇದು ನನ್ನ ಅಣ್ಣ ತಂದದ್ದೇ. ನಿನ್ನ ಅಜ್ಜ ತಂದದ್ದು ಬೇರೆ. ಕೈಯಾಗೆ ತಿರ್ಗ್ಸೂದು. ದುಂಡು ಮುಚ್ಚಳದ್ದು."

ಎರಡು ಮಿಶನ್ನು. ಅಜ್ಜ ತಂದದ್ದು ಎಲ್ಲಿ ಹೋಯಿತು ಎಂದು ಕೇಳಿದೆ. ಅತ್ತೆಯ ಮದುವೆಯಲ್ಲಿ ಕೊಟ್ಟದ್ದು ಎಂದಳು. ಆಯಿ ಅದರಲ್ಲಿ ಹೊಲಿದದ್ದು ಒಂದು ತಿಂಗಳೂ ಇಲ್ಲ. ಅಜ್ಜಿ ಅವಳನ್ನು ಒಂದು ಮಾತೂ ಕೇಳದೆ, ಪೆಟ್ಟಿಗೆ ಎತ್ತಿ ಮಗಳ ಸಾಮಾನಿನ ಜೊತೆ ಇಟ್ಟುಬಿಟ್ಟಳಂತೆ. ಆಯಿ ಬಾಗಿಲಲ್ಲಿ ನಿಂತು ನೋಡಿದಳಂತೆ.

"ಒಂದು ಮನೇಲಿ ಎರಡು ಮಿಶನ್ ಎಂತಕ್ಕೆ ಹೇಳಿ ನಿನ್ನ ಅಜ್ಜಿಗೆ ಹೇಳ್ದವ್ಳು ನಾನೇ," ಎಂದಳು ದೊಡ್ಡಾಯಿ. "ಅದು ನಿನ್ನ ಆಯಿಗೆ ಗೊತ್ತಿತ್ತು."

ಮತ್ತೆ ಪಂಚರ ಮುಂದೆ ಯಾಕೆ ಸುಮ್ಮನಾದೆ, ಇದು ಬೇರೆ, ಅದು ಬೇರೆ ಎಂದು ಹೇಳಬಹುದಿತ್ತಲ್ಲ ಎಂದೆ. ನನ್ನ ಧ್ವನಿ ಏರಿತ್ತು.

"ಎಂತ ಹೇಳೂದು? ನಿನ್ನ ಅಜ್ಜಿ ಸತ್ತು ವರ್ಷ ಆಗಿರ್ಲಿಲ್ಲ. ಸೊಸೆ ವಸ್ತು ತೆಗ್ದು ಮಗಳಿಗೆ ಕೊಟ್ತು ಹೇಳಿ ಜಗಲಿಲಿ ಕೂತು ಹೇಳೂಕೆ ಆಗ್ತದ್ಯಾ? ಆ ಬದಿಗೆ ಮಗಳ ಗಂಡನ ಮನೆಯವ್ರ ಕಿವಿಗೂ ಬೀಳ್ತದೆ. ಅಲ್ಲಿ ಕೂತವ್ರಿಗೆ ಎಲ್ಲರಿಗೂ ಗೊತ್ತಿತ್ತು, ಮಗಾ. ನಿನ್ನ ಅಪ್ಪಗೆ, ದೊಡ್ಡಪ್ಪಗೆ, ಪಂಚರಿಗೆ. ಗೊತ್ತಿಲ್ದವ್ಳು ನೀ ಒಬ್ಳೇ. ಅದ್ಕೇ ನಿನ್ನ ಕರ್ದ್ರು."

ಆಯಿ ಕಳೆದುಕೊಂಡ ಮಿಶನ್ನಿನ ಬದಲಿಗೆ ಇದನ್ನು ಕೊಡಿಸಲು, ಅಜ್ಜ ತಂದದ್ದು ಎಂದು ಸುಳ್ಳಾಗದ ಹಾಗೆ ಹೇಳಬಲ್ಲ ಒಂದೇ ಬಾಯಿ ಆ ಮನೆಯಲ್ಲಿ ನನ್ನದಾಗಿತ್ತು. ಆಯಿ ಕಂಡದ್ದು ಮಾತ್ರ ಹೇಳು ಎಂದದ್ದು ಅದಕ್ಕೆ. ಗಂಡಸರು ನೆಲ ನೋಡಿದ್ದು ಅದಕ್ಕೆ. ನಾನು ಸುಳ್ಳಿಯಲ್ಲ ಎಂದು ಹಗುರಾಗಬೇಕಿತ್ತು, ಆಗಲಿಲ್ಲ. ಆಯಿಯ ಮೇಲೆ ಸಿಟ್ಟು ಬಂತು, ಅವಳ ತಿಂಗಳೂ ತುಂಬದ ಮಿಶನ್ನಿಗಾಗಿ ಹೊಟ್ಟೆ ಉರಿಯಿತು, ಎದುರಿಗೆ ಕೂತ ಈ ಮುದುಕಿಯ ಮೇಲೆ ಸಿಟ್ಟೂ ಕನಿಕರವೂ ಒಟ್ಟಿಗೆ ಬಂದವು. ಯಾವುದು ಮೊದಲು ಎಂದು ಕೇಳಿದರೆ ಹೇಳಲಾರೆ. ದೊಡ್ಡಾಯಿಯ ತಪ್ಪಿಗೆ ದೊಡ್ಡಾಯಿಯ ಮಿಶನ್ನೇ ಹೋಯಿತು, ಅವಳು ಸುಮ್ಮನೆ ಹೋಗಲು ಬಿಟ್ಟಳು. ಆಮೇಲೆ ಮಾತು ಬಿಟ್ಟಳು. ಇದನ್ನು ನ್ಯಾಯ ಎನ್ನಬೇಕೋ ಇನ್ನೇನಾದರೂ ಎನ್ನಬೇಕೋ?

ಚಾ ಬಂತು, ಆರಿತು. ಕೊಡಲೆಂದೇ ತಂದ ವಸ್ತುವಿನ ಮೇಲೆ ನನ್ನ ಕೈ ಬಿಗಿಯಾಗಿ ಕೂತಿರುವುದನ್ನು ನಾನು ಆಗ ನೋಡಿದೆ. ದೊಡ್ಡಾಯಿಯೂ ನೋಡಿದಳು.

"ಈಗ ನಿಂಗೂ ಎಲ್ಲ ಗೊತ್ತಾಯ್ತು," ಎಂದಳು. "ಈಗ ಹೇಳು. ಇದು ಯಾರ್ದು?"

ಬಿಲ್ಲೆಯ ಮೇಲೆ ಮಡಗಾಂವ ಎಂದಿತ್ತು. ನಾನು ಕಲಿತ ವಿದ್ಯೆಯೆಲ್ಲ ಒಂದೇ ಉತ್ತರ ಹೇಳುತ್ತಿತ್ತು. ಒಳಗೆ ಸುಲೋಚನಾ ಪಾತ್ರೆ ತೊಳೆಯುವ ಸದ್ದು ನಿಂತಿತ್ತು, ಅವಳೂ ಕೇಳಿಸಿಕೊಳ್ಳುತ್ತಿರಬೇಕು.

"ಆಯಿದು," ಎಂದೆ.

ದೊಡ್ಡಾಯಿ ತಲೆಯಾಡಿಸಿದಳು. ಹೆಗಲಿನ ಮೇಲೆ ಸೆರಗು ಸರಿಮಾಡಿಕೊಂಡು, ಹುಷಾರಾಗಿ ತಕಂಡಿ ಹೋಗು, ಭಾರ ಇದೆ ಎಂದಳು. ನಾನು ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಒಂಬತ್ತರಲ್ಲಿ ಏನೂ ಗೊತ್ತಿಲ್ಲದೆ ಹೇಳಿದ್ದನ್ನು ಅರವತ್ನಾಲ್ಕರಲ್ಲಿ ಎಲ್ಲ ಗೊತ್ತಿದ್ದೂ ಅವಳ ಮುಖ ನೋಡಿಕೊಂಡು ಹೇಳಿದ್ದೆ.